ಮಗುವಿನ ಬಿಎಂಐ ನಂಬಬೇಕೆ, ಸೊಂಟದ ಅಳತೆ ನೋಡಬೇಕೆ? ಅನುಭವ ಇರುವವರು ತಿಳಿಸಿ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ಎತ್ತರ 134 ಸೆಂಟಿಮೀಟರ್, ತೂಕ 41 ಕಿಲೋ. ಮೊಬೈಲಿನಲ್ಲಿ ಲೆಕ್ಕ ಹಾಕಿದರೆ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 22.8 ಎಂದು ಬಂದು ‘ಸಾಮಾನ್ಯ’ ಎಂದು ತೋರಿಸುತ್ತದೆ, ಶಾಲೆಯ ತಪಾಸಣಾ ಚೀಟಿಯಲ್ಲಿ ‘ಬೊಜ್ಜು’ ಎಂದಿದೆ. ಬೆಳೆಯುವ ಮಗುವಿನ ಮೇಲೆ ಕಣ್ಣು ಹಾಕಬೇಡಿ ಎಂದು ಅತ್ತೆಯವರು ಬೇಸರಪಡುತ್ತಾರೆ. ಯಾವುದನ್ನು ನಂಬಲಿ?

ಮೊದಲ ಉತ್ತರ: ಶಾಲೆಯವರ ಚೀಟಿಯೇ ಸರಿ. ನೀವು ಬಳಸಿದ್ದು ದೊಡ್ಡವರ ಲೆಕ್ಕ. ಮಕ್ಕಳ ಬಿಎಂಐಯನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ನಕ್ಷೆಯಲ್ಲಿಟ್ಟು ನೋಡಬೇಕು; ನಮ್ಮಲ್ಲಿ 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ನಕ್ಷೆಯಿದೆ. ವಯಸ್ಕರ ಬಿಎಂಐ 23 ಮತ್ತು 27ಕ್ಕೆ ಸಮನಾದ ಎರಡು ರೇಖೆಗಳು ಅದರಲ್ಲಿವೆ; ಮೊದಲನೆಯದು ಅಧಿಕ ತೂಕದ ಗಡಿ, ಎರಡನೆಯದು ಬೊಜ್ಜಿನ ಗಡಿ. ನಿಮ್ಮ ಮಗನ ಸಂಖ್ಯೆ ಎರಡನೆಯ ರೇಖೆಯನ್ನೂ ದಾಟುತ್ತದೆ.

ಆದರೆ ಕೊಬ್ಬು ಎಲ್ಲಿ ಕೂತಿದೆ ಎಂಬುದನ್ನು ಬಿಎಂಐ ಹೇಳುವುದಿಲ್ಲ. ಹೊಟ್ಟೆಯೊಳಗಿನ ಕೊಬ್ಬೇ ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಯಕೃತ್ತಿನ ಕೊಬ್ಬಿಗೆ ಹೆಚ್ಚು ದಾರಿ ಮಾಡುವುದರಿಂದ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು ಎನ್ನುತ್ತಾರೆ. ನಿಮ್ಮ ಮಗನಿಗೆ ಆ ಗಡಿ 67 ಸೆಂಟಿಮೀಟರ್. ನನ್ನ 11 ವರ್ಷದ ಮಗಳ ಎತ್ತರ 142. ಹೊಟ್ಟೆಯ ಕೆಳಗೆ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ ನಾನು ಅಳೆದಾಗ 69 ಬಂದು ನೆಮ್ಮದಿಯಾಗಿದ್ದೆ. ಆಸ್ಪತ್ರೆಯ ಸಿಸ್ಟರ್ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಬರಿಮೈ ಮೇಲೆ ಟೇಪನ್ನು ಬಿಗಿಯದೆ ಸುತ್ತಿದಾಗ 74 ಬಂತು. ಅವಳ ಕತ್ತಿನ ಹಿಂಭಾಗ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದುದನ್ನು ನಾನು ಕೊಳೆಯೆಂದು ತಿಳಿದು ತಿಂಗಳುಗಟ್ಟಲೆ ಕಡಲೆಹಿಟ್ಟು ಹಚ್ಚಿ ಉಜ್ಜಿದ್ದೆ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತಾಗಿರಬಹುದು ಎಂದು ವೈದ್ಯರು ಹೇಳಿದಾಗ ನನಗೆ ಅಳು ಬಂತು. ದಯವಿಟ್ಟು ಇಂದೇ ಮಗನ ಕತ್ತು, ಕಂಕುಳು ನೋಡಿ.

ಎರಡನೆಯ ಉತ್ತರ: ನಾನು ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಕಬಡ್ಡಿ ತಂಡದ ಒಬ್ಬ ಹುಡುಗನ ಬಿಎಂಐ ಹೆಚ್ಚಿದ್ದರೂ 160 ಎತ್ತರಕ್ಕೆ ಸೊಂಟ 70 ಮಾತ್ರ, ಅವನದು ಸ್ನಾಯುವಿನ ತೂಕ. ಹಾಗೆಂದು ಸಣ್ಣಗೆ ಕಾಣುವ ಎಲ್ಲ ಮಕ್ಕಳೂ ಸುರಕ್ಷಿತರಲ್ಲ, ನಮ್ಮ ಜನರಲ್ಲಿ ತೆಳು ಮೈಯಲ್ಲೂ ಹೊಟ್ಟೆಯ ಕೊಬ್ಬು ಅಡಗಿರುತ್ತದೆ. ಅಳೆಯುವಾಗ ಬೇರೆ ಮಕ್ಕಳ ಎದುರು ಸಂಖ್ಯೆಯನ್ನು ಕೂಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಉತ್ತರ: ರಕ್ತದೊತ್ತಡ ನೋಡಿಸುವಾಗ ಮಗುವಿನ ತೋಳಿಗೆ ಹೊಂದುವ ಪಟ್ಟಿಯನ್ನೇ ಕೇಳಿ, ಚಿಕ್ಕದಾದರೆ ಒತ್ತಡ ಹೆಚ್ಚಾಗಿ ತೋರುತ್ತದೆ. ನನ್ನ ಮಗನನ್ನು ಮೂರು ತಿಂಗಳಿಗೊಮ್ಮೆ ಮಾತ್ರ ಅಳೆಯುತ್ತಿದ್ದೆವು. ತೂಕ ಇಳಿಸುವ ಗೋಜಿಗೆ ಹೋಗಲಿಲ್ಲ. ಒಂದು ವರ್ಷದಲ್ಲಿ ಎತ್ತರ 6 ಸೆಂಟಿಮೀಟರ್ ಬೆಳೆದು, ತೂಕ ಅಷ್ಟೇ ಉಳಿದು, ಸೊಂಟ ಎತ್ತರದ ಅರ್ಧಕ್ಕಿಂತ ಕೆಳಗೆ ಬಂತು.