ಊರಿನ ವೀರಗಲ್ಲು, ಮಾಸ್ತಿಕಲ್ಲು ದಾಖಲಿಸೋದು ಹೇಗೆ? (ಬೇಲೂರು ತಾಲ್ಲೂಕು)

ಕೆರೆಏರಿ:
ನಮ್ಮದು ಬೇಲೂರು ತಾಲ್ಲೂಕಿನ ಸಣ್ಣ ಹಳ್ಳಿ. ಕೆರೆ ಏರಿ ಕೆಳಗೆ ನಾಲ್ಕು ವೀರಗಲ್ಲು ಇವೆ. ಒಂದರ ಅಡ್ಡಪಟ್ಟಿಯಲ್ಲಿ ಅಕ್ಷರ ಕಾಣುತ್ತೆ, ಇನ್ನೊಂದು ಅರ್ಧಕ್ಕಿಂತ ಹೆಚ್ಚು ಹೂತುಹೋಗಿದೆ. ಊರ ಬಾಗಿಲಲ್ಲಿ ಮಾಸ್ತಮ್ಮ ಅಂತ ಪೂಜೆ ಮಾಡೋ ಕಲ್ಲಿದೆ, ಅದಕ್ಕೆ ಎನಾಮಲ್ ಬಣ್ಣ ಬಳಿದಾಗಿದೆ. ಜಾತ್ರೆಗೆ ಮುಂಚೆ ಎಲ್ಲವನ್ನೂ ತೊಳೆಸಿ, ದೇವಸ್ಥಾನದ ಮುಂದೆ ಸಿಮೆಂಟ್ ಕಟ್ಟೆ ಕಟ್ಟಿ ಸಾಲಾಗಿ ನಿಲ್ಲಿಸೋಣ ಅಂತ ಊರವರ ಲೆಕ್ಕಾಚಾರ. ಹೆಚ್ಚೆಂದರೆ ಒಂದು ತಿಂಗಳಿದೆ. ಕೈಯಲ್ಲಿರೋದು ಮೊಬೈಲ್, ಟೇಪು, ಇಬ್ಬರು ಹುಡುಗರು. ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಿದರೆ ಫೋಟೋ ಚೆನ್ನಾಗಿ ಬರುತ್ತೆ ಅಂತಾರೆ, ಸರಿನಾ?

ಬಳಪದಕಲ್ಲು:
ಸೀಮೆಸುಣ್ಣ ಬೇಡವೇ ಬೇಡ. ನೀವು ಉಜ್ಜೋದು ನಿಮಗೆ ಕಂಡ ಗೆರೆಯನ್ನ, ಕೆತ್ತಿದವನ ಗೆರೆಯನ್ನಲ್ಲ. ಬಿರುಕನ್ನು ಕೊಂಬು ಅಂದುಕೊಂಡು ಬಿಳಿ ಮಾಡಿದರೆ, ಆಮೇಲೆ ಆ ಫೋಟೋ ನೋಡೋ ಪ್ರತಿಯೊಬ್ಬರೂ ಅದನ್ನು ಕೊಂಬು ಅಂತಲೇ ಓದುತ್ತಾರೆ. ರಂಗೋಲಿ ಪುಡಿ, ಹಿಟ್ಟು, ಎಣ್ಣೆಗೂ ಇದೇ ಮಾತು. ಎಣ್ಣೆ ಕಲ್ಲಿನೊಳಗೆ ಇಳಿದು ಧೂಳು ಹಿಡಿಯುತ್ತೆ, ಬಿಡಿಸೋಕೆ ಆಗಲ್ಲ.

ಮೊದಲ ಕೆಲಸ, ಆ ಶಾಸನ ಈಗಾಗಲೇ ಪ್ರಕಟವಾಗಿದೆಯಾ ನೋಡಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹಾಸನ ಜಿಲ್ಲೆಯದು 5ನೇ ಸಂಪುಟ (1902). ಚಿಕ್ಕಮಗಳೂರಿನವರು ಹುಡುಕುವಾಗ ತಪ್ಪೋದು ಇಲ್ಲೇ: ಅವರ ಜಿಲ್ಲೆ ಆಗ 'ಕಡೂರು ಜಿಲ್ಲೆ', ಅದು 6ನೇ ಸಂಪುಟ (1901). ಸಕಲೇಶಪುರದ ಕಡೆಯವರು 'ಮಂಜರಾಬಾದ್' ಅಂತ ಹುಡುಕಬೇಕು. ಎರಡೂ ಅಂತರ್ಜಾಲದಲ್ಲಿ ಸ್ಕ್ಯಾನ್ ಆಗಿ ಸಿಗುತ್ತವೆ. ಪಾಠದ ತಲೆಯಲ್ಲೇ ಊರು, ಕಲ್ಲು ಎಲ್ಲಿತ್ತು ಅನ್ನೋದು ಇರುತ್ತೆ. ಅದನ್ನು ಈಗಿನ ಜಾಗದ ಜೊತೆ ಹೋಲಿಸಿ ಬರೆದಿಡಿ, ಕಲ್ಲು ಆಮೇಲೆ ಸರಿದಿದೆಯಾ ಅನ್ನೋದು ಅದರಿಂದಲೇ ತಿಳಿಯೋದು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳನ್ನೂ ಮೈಸೂರು ಪುರಾತತ್ವ ಇಲಾಖೆಯ ಹಳೇ ವಾರ್ಷಿಕ ವರದಿಗಳನ್ನೂ ಬಿಡಬೇಡಿ. ಎಲ್ಲೂ ಸಿಗಲಿಲ್ಲ ಅಂದರೆ 'ಇರಲಾರದು' ಅಂತಲ್ಲ. ರೈಸ್ ಸಂಪುಟ ಬಂದು 34 ವರ್ಷ ಆದ ಮೇಲೆ, 1936ರಲ್ಲಿ, ಎಂ.ಎಚ್. ಕೃಷ್ಣ ಅವರಿಗೆ ಹಲ್ಮಿಡಿ ಶಾಸನ ಸಿಕ್ಕಿದ್ದು ನಿಮ್ಮ ಬೇಲೂರು ತಾಲ್ಲೂಕಲ್ಲೇ.

ಓರೆಬೆಳಕು:
ಫೋಟೋ ವಿಷಯ ನನಗೆ ಬಿಡಿ.

ಎದುರಿನಿಂದ ನೇರ ಬೀಳೋ ಬಿಸಿಲಲ್ಲಿ ತೆಗೆದ ಶಾಸನದ ಫೋಟೋ ಓದೋಕೆ ಆಗಲ್ಲ. ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು, ಹತ್ತರಿಂದ ಇಪ್ಪತ್ತು ಡಿಗ್ರಿ ಓರೆಯಾಗಿ ಬೀಳಬೇಕು, ಆಗ ಗೆರೆಯೊಳಗೆ ನೆರಳು ಕೂರುತ್ತೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಕಲ್ಲಾದರೆ ಬಿಸಿಲು ಓರೆಯಾಗೋ ಹೊತ್ತು ಕಾದು ನೋಡಿ. ಉತ್ತರಕ್ಕೆ ಮುಖ ಮಾಡಿ ಸದಾ ನೆರಳಲ್ಲಿದ್ದರೆ ಮನೇಲಿರೋ ಗೋಡೆ ಕನ್ನಡಿ ತನ್ನಿ. ಒಬ್ಬ ಹುಡುಗ ಪಕ್ಕಕ್ಕೆ ನಿಂತು ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ತಿರುಗಿಸಲಿ. ಇಲ್ಲವಾದರೆ ಕತ್ತಲಾದ ಮೇಲೆ ಟಾರ್ಚ್. ಮೊಬೈಲ್ ಫ್ಲ್ಯಾಶ್ ಆಫ್ ಇರಲಿ, ಅದು ನೇರ ಹೊಡೆದು ನೆರಳನ್ನೇ ಅಳಿಸುತ್ತೆ.

ಒಂದೇ ಕಡೆಯಿಂದ ಬೆಳಕು ಬಿಟ್ಟು ಮುಗಿಸೋದು ಎಲ್ಲರೂ ಮಾಡೋ ತಪ್ಪು. ಬೆಳಕು ಸಾಗೋ ದಿಕ್ಕಲ್ಲೇ ಇರೋ ಗೆರೆಗೆ ನೆರಳು ಬೀಳಲ್ಲ. ಎಡಗಡೆಯಿಂದ ಬಿಟ್ಟರೆ ತಲೆಕಟ್ಟಿನ ಅಡ್ಡಗೆರೆಗಳು ಮಾಯ. ಹಾಗಾಗಿ ಕ್ಯಾಮೆರಾ ಅಲುಗಾಡದ ಹಾಗೆ ನಿಲ್ಲಿಸಿ ಎಡ, ಬಲ, ಮೇಲೆ, ಕೆಳಗೆ ಅಂತ ನಾಲ್ಕು ಫೋಟೋ. ಪಟ್ಟಿ ಉದ್ದವಿದ್ದರೆ ತುಂಡು ತುಂಡಾಗಿ, ಒಂದರ ಕೊನೆಯ ಮೂರ್ನಾಲ್ಕು ಅಕ್ಷರ ಮುಂದಿನದರಲ್ಲೂ ಬರೋ ಹಾಗೆ.

ಪೂರ್ತಿ ಕಲ್ಲಿನ ಫೋಟೋಗೆ ಎರಡು ಮೂರು ಮೀಟರ್ ಹಿಂದೆ ಸರಿದು ಎರಡು ಪಟ್ಟು ಝೂಮ್ ಹಾಕಿ. ಹತ್ತಿರ ನಿಂತು ತೆಗೆದರೆ ಮೇಲ್ಭಾಗ ಸೊಟ್ಟಗಾಗುತ್ತೆ. ಟೇಪು ಕಲ್ಲಿನ ಮುಖಕ್ಕೆ ತಾಗಿಕೊಂಡಿರಲಿ. ಅರ್ಧ ಅಡಿ ಮುಂದೆ ಹಿಡಿದರೆ ಅಳತೆ ಸುಳ್ಳಾಗುತ್ತೆ. ಮೂರು ಆಯಾಮದ ಮಾದರಿ ಮಾಡೋ ಯೋಚನೆ ಇದ್ದರೆ ಲೆಕ್ಕಾಚಾರ ಉಲ್ಟಾ: ಮೋಡದ ದಿನ, ನೆರಳೇ ಇಲ್ಲದ ಬೆಳಕಲ್ಲಿ, ಸುತ್ತ ಅರವತ್ತು ಎಂಬತ್ತು ಫೋಟೋ, ಒಂದರ ಮುಕ್ಕಾಲು ಭಾಗ ಇನ್ನೊಂದರಲ್ಲೂ ಬರಬೇಕು.

ಫೋಟೋಗಳನ್ನು ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಬೇಡಿ. ಕುಗ್ಗಿಸುತ್ತೆ, ಜಾಗದ ಮಾಹಿತಿಯೂ ಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ.

ಕೆರೆಏರಿ:
ತುಂಬಾ ಉಪಯೋಗ ಆಯ್ತು. ಹೂತಿರೋ ಕಲ್ಲನ್ನ ಒಂದೆರಡು ಅಡಿ ಅಗೆದು ನೋಡಬಹುದಾ? ಮತ್ತೆ ಮಾಸ್ತಮ್ಮನ ಬಣ್ಣ ಥಿನ್ನರ್ ಹಾಕಿ ತೆಗೆದರೆ?

ಬಳಪದಕಲ್ಲು:
ಎರಡೂ ಬೇಡ. ಅಗೆದರೆ ಕಲ್ಲು ವಾಲುತ್ತೆ, ಬುಡದ ಮಣ್ಣಿನ ಪದರ ಹಾಳಾಗುತ್ತೆ. ಅಲ್ಲದೆ ನಮ್ಮ ಸೀಮೆಯಲ್ಲಿ ವೀರಗಲ್ಲಿನ ಬುಡ ಅಗೆಯೋರು ಅಂದರೆ ನಿಧಿಗಳ್ಳರು ಅಂತಲೇ ಅರ್ಥ. ನೆಲದಿಂದ ಮೇಲೆ ಕಾಣೋ ಎತ್ತರ ಅಳೆದು, 'ಉಳಿದದ್ದು ಹೂತಿದೆ' ಅಂತ ಬರೆಯಿರಿ, ಸಾಕು. ಅಗೆಯಲೇಬೇಕಾದರೆ ಪುರಾತತ್ವ ಇಲಾಖೆಯವರೇ ಬರಲಿ. ಅಕಸ್ಮಾತ್ ನಾಣ್ಯ, ವಿಗ್ರಹ ಏನಾದರೂ ಹೊರಬಿದ್ದರೆ 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.

ಥಿನ್ನರ್ ಬಣ್ಣವನ್ನು ಕರಗಿಸಿ ಕಲ್ಲಿನ ರಂಧ್ರದೊಳಗೆ ಇಳಿಸುತ್ತೆ. ಒಣಗಿದ ಪಾಚಿ, ಮಣ್ಣಿಗೆ ಬರೀ ನೀರು ಮತ್ತು ಮೆತ್ತನೆ ಬ್ರಷ್. ತಂತಿ ಬ್ರಷ್, ಆಸಿಡ್, ಪ್ರೆಶರ್ ಪಂಪ್ ಯಾವುದೂ ಹತ್ತಿರ ಬರಬಾರದು. ಬಳಪದ ಕಲ್ಲಾದರೆ ಉಗುರಲ್ಲಿ ಗೀರಿದರೂ ಗುರುತು ಬೀಳುವಷ್ಟು ಮೆತ್ತಗೆ. ಹೊಯ್ಸಳರ ಶಿಲ್ಪಿಗಳಿಗೆ ಅಷ್ಟು ಸಣ್ಣ ಕುಸುರಿ ಸಾಧ್ಯವಾಗಿದ್ದೂ ಅದರಿಂದಲೇ, ಮರಳು ಹೊಡೆದರೆ ಅದೆಲ್ಲ ಅಳಿದುಹೋಗೋದೂ ಅದರಿಂದಲೇ.

ಸಿಮೆಂಟ್ ಕಟ್ಟೆಯನ್ನ ಹೇಗಾದರೂ ಮಾಡಿ ತಪ್ಪಿಸಿ. ಕಲ್ಲು ಗಟ್ಟಿ ನಿಲ್ಲಲಿ ಅಂತ ಒಂದಡಿ ಒಳಗೆ ಹೂಳ್ತಾರೆ, ಕೆಳಗಿನ ಪಟ್ಟಿಯಲ್ಲಿದ್ದ ಎರಡು ಸಾಲು ಅಲ್ಲಿಗೆ ಸಿಮೆಂಟಿನೊಳಗೆ ಹೋಯ್ತು. ಸಿಮೆಂಟಿನ ಉಪ್ಪು ನೀರಿನ ಜೊತೆ ಕಲ್ಲಿಗೆ ಏರಿ ಮೇಲ್ಮೈ ಚಕ್ಕೆ ಏಳುತ್ತೆ. ಊರವರಿಗೆ ಉಪ್ಪಿನ ಕಥೆ ಹೇಳಿದರೆ ನಡೆಯಲ್ಲ. 'ಕೆರೆಗಾಗಿ ಸತ್ತಿದ್ದರೆ ವೀರನನ್ನ ಕೆರೆ ಹತ್ರಾನೇ ಬಿಡಬೇಕಲ್ವಾ' ಅಂತ ಕೇಳಿ ನೋಡಿ.

ತೂಬು:
ಕಲ್ಲಿನ ಪಕ್ಕದಲ್ಲೇ ಇರೋ ಇನ್ನೊಂದು ದಾಖಲೆ ಯಾರೂ ಹೇಳಲಿಲ್ಲ: ಊರವರ ಬಾಯಿ.

ಹೊಲದ ಹೆಸರುಗಳನ್ನು ಬರೆದುಕೊಳ್ಳಿ. ಬಸದಿಯೇ ಇಲ್ಲದ ಊರಲ್ಲಿ 'ಬಸ್ತಿ ಹೊಲ', ಮನೆಯೇ ಇಲ್ಲದ ಕಡೆ 'ಹಳೇ ಊರು ದಿಬ್ಬ' ಅಂತ ಇದ್ದರೆ ಅದು ಸುಮ್ಮನೆ ಹುಟ್ಟಿದ ಹೆಸರಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆಗೆಸಿ, ಸುತ್ತಮುತ್ತ 'ಬೇಚಿರಾಕ್' (ಜನವಸತಿ ಇಲ್ಲದ ಊರು) ಅಂತ ನಮೂದಾದ ಗ್ರಾಮ ಇದೆಯಾ ನೋಡಿ. ಶಾಸನದಲ್ಲಿ ಬರೋ, ಇವತ್ತು ಯಾರಿಗೂ ಗೊತ್ತಿಲ್ಲದ ಊರಿನ ಹೆಸರು ಎಷ್ಟೋ ಸಲ ಅಲ್ಲಿ ಕೂತಿರುತ್ತೆ.

ಮಾಸ್ತಮ್ಮನ ಬಗ್ಗೆ: ಕಂಬದಿಂದ ಹೊರಟ ಮಡಿಸಿದ ತೋಳು, ಬಳೆ, ಎತ್ತಿದ ಅಂಗೈ, ಬೆರಳ ಸಂದಿಯಲ್ಲಿ ನಿಂಬೆಹಣ್ಣು ಇದ್ದರೆ ಅದು ಮಹಾಸತಿ ಕಲ್ಲು, ಅಂದರೆ ಸತಿ ಹೋದವಳ ನೆನಪಿನ ಮಾಸ್ತಿಕಲ್ಲು. ಯಾವ ಮನೆತನದ ಪೂಜೆ, ಯಾವ ದಿನ, ಎಡೆ ಏನು, ಮದುವೆಗೆ ಮುಂಚೆ ಮೊದಲ ಕಾಯಿ ಅಲ್ಲಿ ಒಡೀತಾರಾ, ಯಾರು ಮುಟ್ಟಬಾರದು, ಎಲ್ಲ ಕೇಳಿ. 'ಈ ಕಲ್ಲಿನ ಇತಿಹಾಸ ಹೇಳಿ' ಅಂತ ಕೇಳಿದರೆ ಟೀವಿಯಲ್ಲಿ ನೋಡಿದ್ದನ್ನೇ ಹೇಳ್ತಾರೆ. 'ನಿಮ್ಮ ಅಜ್ಜಿ ಇಲ್ಲಿ ಏನು ಮಾಡೋರು?' ಅಂತ ಕೇಳಿ. ರೆಕಾರ್ಡ್ ಮಾಡೋ ಮುಂಚೆ ಒಪ್ಪಿಗೆ ಪಡೆದು, ಆ ಒಪ್ಪಿಗೆಯೂ ರೆಕಾರ್ಡಲ್ಲಿ ಇರಲಿ. ಫ್ಯಾನ್ ಆಫ್ ಮಾಡಿಸಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ, ಸೇರಿಸಿ ಒಂದು ಮಾಡಬೇಡಿ.

ಪ್ರತಿ ಕಲ್ಲಿಗೂ ಒಂದು ಹಾಳೆ: ಕ್ರಮಸಂಖ್ಯೆ, ಊರವರು ಕರೆಯೋ ಹೆಸರು, ಸರ್ವೆ ನಂಬರ್, ಮುಖ ಯಾವ ದಿಕ್ಕಿಗೆ, ಎತ್ತರ ಅಗಲ ದಪ್ಪ, ಎಷ್ಟು ಹಂತ, ಪ್ರತಿ ಹಂತದಲ್ಲಿ ಏನು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯೋ ಅಪ್ಸರೆಯರು, ಮೇಲೆ ಲಿಂಗ ಅಥವಾ ಜಿನ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗೆ ದನ ಇದ್ದರೆ ತುರುಗೊಳ್, ಅಂದರೆ ದನಗಳ್ಳತನದ ಕಾಳಗ. ಆದರೆ ಕಂಡದ್ದನ್ನು ಬರೆಯಿರಿ, ಅರ್ಥವನ್ನು ಬೇರೆ ಕಾಲಮ್ಮಿಗೆ ಹಾಕಿ. ಸ್ಥಳದ ಅಕ್ಷಾಂಶ ರೇಖಾಂಶ ಹಾಳೆಯಲ್ಲಿರಲಿ, ಫೇಸ್‌ಬುಕ್ಕಲ್ಲಿ ಬೇಡ. ನಿಧಿಗಳ್ಳರ ವಿಷಯ ಮೇಲೆ ಹೇಳಿದ್ದಾರೆ.

ಕೆರೆಏರಿ:
ನಿನ್ನೆ ಸಂಜೆ ಕನ್ನಡಿ ಹಿಡಿದು ತೆಗೆದೆವು. 'ಸಕ ವರುಷ 1039' ಅನ್ನೋ ಥರ ಕಾಣ್ತಿದೆ, ಮುಂದೆ 'ಹೇ', ಆಮೇಲೆ ಸವೆದಿದೆ. ಇಸವಿ ಹೇಗೆ?

ಬಳಪದಕಲ್ಲು:
78 ಕೂಡಿಸಿ, 1117. ಮಾಘ, ಫಾಲ್ಗುಣದ ತಿಥಿಯಾದರೆ ಸಾಮಾನ್ಯವಾಗಿ 79. ಸಂವತ್ಸರದಿಂದ ತಾಳೆ ನೋಡಿ: 2017ರ ಯುಗಾದಿಗೆ ಬಂದದ್ದು ಹೇವಿಳಂಬಿ, ಅಲ್ಲಿಂದ 60ರ ಹದಿನೈದು ಸುತ್ತು, ಅಂದರೆ 900 ಕಳೆದರೆ 1117. ನಿಮ್ಮ 'ಹೇ' ಕೂಡುತ್ತೆ. ಒಂದು ವರ್ಷ ಆಚೀಚೆ ಆಗಿದ್ದರೆ ಗಾಬರಿ ಬೇಕಿರಲಿಲ್ಲ, ಗತ ವರ್ಷ (ಮುಗಿದದ್ದು), ವರ್ತಮಾನ ವರ್ಷ (ನಡೆಯುತ್ತಿರೋದು) ಅನ್ನೋ ಲೆಕ್ಕದಲ್ಲಿ ಹಾಗಾಗುತ್ತೆ. ಆದರೆ ಇದು ಬೇಲೂರು ಚೆನ್ನಕೇಶವನ ಪ್ರತಿಷ್ಠೆಯ ವರ್ಷವೇ. ಗೊತ್ತಿರೋ ಇಸವಿಯನ್ನ ಕಣ್ಣು ತಾನಾಗಿ ಓದಿಬಿಡುತ್ತೆ, ಅದಕ್ಕೇ ಅನುಮಾನ. 3 ಮತ್ತು 9 ಇನ್ನೊಮ್ಮೆ ನೋಡಬೇಕು.

ಓರೆಬೆಳಕು:
ನಿಮ್ಮ ಫೋಟೋದಲ್ಲಿ ಬೆಳಕು ಬಲಗಡೆಯಿಂದ ಮಾತ್ರ ಇದೆ. ಕನ್ನಡಿಯನ್ನ ಏಣಿ ಮೇಲಿಂದ ಹಿಡಿಸಿ ಅದೇ ನಾಲ್ಕು ಅಂಕಿ ಮತ್ತೆ ತೆಗೆದು, ಕುಗ್ಗಿಸದೆ ಹಾಕಿ.