ಪದಚರ್ಚೆ: ‘ಅಟ್ರಫಿ’, ‘ಕಾಗ್ನಿಟಿವ್ ರಿಸರ್ವ್’ – ತುರ್ತು

ಬಲ್ಲವರಿಗೆ ನಮಸ್ಕಾರ. ಹಿರಿಯರಿಗಾಗಿ ಮಾಡಿದ ನಾಲ್ಕು ಪುಟದ ಕೈಪಿಡಿ ಸಂಜೆ ಅಚ್ಚಿಗೆ ಹೋಗಬೇಕು. ಈ ವಾಕ್ಯ ನೋಡಿ: ‘ಸ್ಕ್ಯಾನ್‌ನಲ್ಲಿ ಒಂದೇ ಪ್ರಮಾಣದ ಮೆದುಳಿನ ಕ್ಷಯ ಕಂಡರೂ ಒಬ್ಬರ ನೆನಪು ಚುರುಕಾಗಿರುತ್ತದೆ, ಇನ್ನೊಬ್ಬರದು ಮಸುಕಾಗಿರುತ್ತದೆ. ಇದಕ್ಕೊಂದು ಕಾರಣ ಸಂಜ್ಞಾನಾತ್ಮಕ ಮೀಸಲು.’ ‘ಅಟ್ರಫಿ’ಗೆ ‘ಕ್ಷಯ’, ‘ಕಾಗ್ನಿಟಿವ್ ರಿಸರ್ವ್’ಗೆ ‘ಸಂಜ್ಞಾನಾತ್ಮಕ ಮೀಸಲು’ ಎಂದಿಟ್ಟಿದ್ದೇನೆ. ಸರಿಯೇ?

ಮರು:
‘ಕ್ಷಯ’ ಬೇಡವೇ ಬೇಡ. ಓದುವವರಿಗೆ ಟಿಬಿ ಎಂದೇ ತೋಚುತ್ತದೆ. ಮಿದುಳಿಗೆ ತಗಲುವ ಟಿಬಿ ನಿಜವಾಗಿಯೂ ಇದೆ, ಅದು ಬೇರೆಯೇ ಕಾಯಿಲೆ. ‘ನಾಶ’ವೂ ತಪ್ಪು. ಸಹಜ ಮುಪ್ಪಿನಲ್ಲಿ ನರಕೋಶಗಳು ರಾಶಿರಾಶಿಯಾಗಿ ಸಾಯುವುದಿಲ್ಲ. ಕೋಶಗಳು ಚಿಕ್ಕದಾಗುತ್ತವೆ, ಕವಲುಗಳೂ ಕೋಶಕೋಶಗಳ ನಡುವಿನ ಕೊಂಡಿಗಳೂ ಕಡಿಮೆಯಾಗುತ್ತವೆ, ಹೊರಪದರ ತೆಳುವಾಗುತ್ತದೆ, ಒಳಗಿನ ದ್ರವದ ಕುಹರಗಳು ಅಗಲವಾಗುತ್ತವೆ. ‘ಸೊರಗುವುದು’ ಎನ್ನಿ.

ಮರು:
‘ಸೊರಗು’ ಗಿಡದ ಮಾತು. ನೀರು ಹಾಕಿದರೆ ಚಿಗುರೀತೆಂಬ ಆಸೆ ಹುಟ್ಟಿಸುತ್ತದೆ. ‘ಕುಗ್ಗುವಿಕೆ’ ಸಾಕು.

ಮರು:
ಆಸೆಗೆ ಆಧಾರವೇ ಇಲ್ಲವೆನ್ನಬೇಡಿ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 120 ಹಿರಿಯರಿದ್ದರು. ಒಂದು ವರ್ಷ ಬಿರುಸಾಗಿ ನಡೆದವರ ಹಿಪ್ಪೊಕ್ಯಾಂಪಸ್ (ನೆನಪಿಗೆ ಮುಖ್ಯವಾದ ಮಿದುಳಿನ ಭಾಗ) ಸುಮಾರು 2% ಹಿಗ್ಗಿತು. ಮೈ ಎಳೆಯುವ (ಸ್ಟ್ರೆಚಿಂಗ್) ವ್ಯಾಯಾಮವನ್ನಷ್ಟೇ ಮಾಡಿದವರದು ಸುಮಾರು 1.4% ಕುಗ್ಗಿತು. ಆದರೂ ಇಡೀ ಮಿದುಳಿಗೆ ಈ ಮಾತು ಹೊಂದದು. ‘ಕುಗ್ಗುವಿಕೆ’ಗೇ ನನ್ನ ಮತ.

ಮರು:
‘ಸಂಜ್ಞಾನಾತ್ಮಕ’! ಸಂಜ್ಞೆ ಎಂದರೆ ಕನ್ನಡಿಗರಿಗೆ ಸನ್ನೆ. ‘ಅರಿವಿನ’ ಎಂದರೆ ಮುಗಿಯಿತು. ‘ಮೆದುಳು’ ಕೂಡ ತಿದ್ದಿ: ಹಳಗನ್ನಡದ ‘ಮಿದುಳ್’, ಮಿದುವಾದದ್ದು ಮಿದುಳು. ಹಿಪ್ಪೊಕ್ಯಾಂಪಸ್ ಯಾಕೆ? ಗ್ರೀಕಿನಲ್ಲೂ ಅದು ಕಡಲ್ಗುದುರೆಯೇ. ಹಾಗೇ ಬರೆಯಿರಿ.

ಮರು:
ಮಿದುವಿನ ಕಥೆ ಕಟ್ಟುವ ಮೊದಲು ತೆಲುಗಿನ ‘ಮೆದಡು’, ತಮಿಳಿನ ‘ಮೂಳೈ’ ಪಕ್ಕದಲ್ಲಿಟ್ಟು ನೋಡಿ. ಅವರ ಮೂಳೈ ಮಿದುಳು, ನಮ್ಮ ಮೂಳೆ ಎಲುಬು. ಇನ್ನು ಕಡಲ್ಗುದುರೆ: ಕೈಯಲ್ಲಿ ಸ್ಕ್ಯಾನ್ ವರದಿ ಹಿಡಿದವರು ಅಲ್ಲಿರುವ ಪದವನ್ನೇ ಕೈಪಿಡಿಯಲ್ಲಿ ಹುಡುಕುತ್ತಾರೆ. ಸಿಗದಿದ್ದರೆ ಕೈಪಿಡಿ ದಂಡ. ಎರವಲು ಪಾಪವಲ್ಲ. ‘ಶ್ವೇತದ್ರವ್ಯ’ (ವೈಟ್ ಮ್ಯಾಟರ್, ಮಿದುಳಿನಲ್ಲಿ ನರತಂತುಗಳಿರುವ ಭಾಗ) ಎಲ್ಲಾದರೂ ಇದ್ದರೆ ‘ಬಿಳಿ ಭಾಗ’ ಮಾಡಿ. ದ್ರವ್ಯವನ್ನು ದ್ರವ ಎಂದು ಓದುವವರೇ ಹೆಚ್ಚು.

ಮರು:
ಎಲ್ಲರೂ ‘ಮೀಸಲು’ ಬಿಟ್ಟುಬಿಟ್ಟಿರಿ, ದೊಡ್ಡ ತಪ್ಪು ಅಲ್ಲಿದೆ. ಮೀಸಲೆಂದರೆ ಮುಟ್ಟದೆ ಎತ್ತಿಟ್ಟದ್ದು. ಇದು ತದ್ವಿರುದ್ಧ: ಓದು, ಬುದ್ಧಿಗೆ ಕೆಲಸ ಕೊಡುವ ಕಸುಬು, ಜನರ ಒಡನಾಟ, ಹೀಗೆ ಬಳಸಿ ಬಳಸಿಯೇ ಬೆಳೆಯುವಂಥದು. ಎರಡು ಪರಿಕಲ್ಪನೆ ಬೇರೆಬೇರೆ ಇವೆ. ಮಿದುಳಿನ ಗಾತ್ರ, ಕೊಂಡಿಗಳ ಎಣಿಕೆ ‘ಬ್ರೇನ್ ರಿಸರ್ವ್’. ಅದನ್ನು ‘ಮಿದುಳಿನ ಇಡುಗಂಟು’ ಎನ್ನಬಹುದು. ನೀವು ಕೇಳಿದ್ದು ಇದ್ದುದರಲ್ಲೇ ಬೇರೆ ದಾರಿ ಹಿಡಿದು ಕೆಲಸ ಸಾಗಿಸುವ ಶಕ್ತಿ. ಅದಕ್ಕೆ ‘ಅರಿವಿನ ತಾಳಿಕೆ’. ತಾಳಿಕೆಗೆ ಕೊನೆಯುಂಟು ಎಂಬ ಅರ್ಥವೂ ಪದದೊಳಗೇ ಇದೆ, ಅದು ಬೇಕು: ತಾಳಿಕೆ ಹೆಚ್ಚಿದ್ದವರಲ್ಲಿ ಮರೆವಿನ ಕಾಯಿಲೆ ತಡವಾಗಿ ಹೊರಬೀಳುತ್ತದೆ, ಆಮೇಲೆ ಅವರ ಅರಿವು ಬೇಗ ಇಳಿಯುತ್ತದೆ. ಒಳಗಿನ ಹಾನಿ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ.

ಮರು:
‘ಅರಿವಿನ ಕಸುವು’ ಏಕಾಗದು?

ಮರು:
ಕಸುವು ಎಲ್ಲರ ಅರಿವಿಗೂ ಇದೆ. ಇಲ್ಲಿ ಪ್ರಶ್ನೆ ಪೆಟ್ಟು ತಾಳುವುದರದು.

ಮರು:
ಉಪಕಾರವಾಯಿತು. ಹೀಗೆ ಕಳಿಸುತ್ತಿದ್ದೇನೆ: ‘ಇಬ್ಬರ ಮಿದುಳು ಒಂದೇ ಬಗೆಯಲ್ಲಿ ಕುಗ್ಗಿದ್ದರೂ ಒಬ್ಬರ ನೆನಪು ಚುರುಕಾಗಿರಬಹುದು. ಇದಕ್ಕೊಂದು ಕಾರಣ ಅರಿವಿನ ತಾಳಿಕೆ.’

ಮರು:
‘ಬಗೆ’ ಅಲ್ಲ. ಮಿದುಳಿನ ಮುಂಭಾಗ ಕುಗ್ಗುವುದು ಒಂದು ಬಗೆ, ಹಿಪ್ಪೊಕ್ಯಾಂಪಸ್ ಕುಗ್ಗುವುದು ಇನ್ನೊಂದು. ನಿಮ್ಮದು ಅಳತೆಯ ಮಾತು. ‘ಒಂದೇ ಅಳತೆಯಲ್ಲಿ’ ಮಾಡಿ ಕಳಿಸಿ.