ಅಪ್‌ಡೇಟ್: ಹಳೇ ಟ್ಯೂಬ್ ಬಾಸ್ ಆಂಪ್‌ನ ಗುಂಯ್ ಸದ್ದು ಹೋಯಿತು

1970ರ ದಶಕದ ನನ್ನ ಆಲ್-ಟ್ಯೂಬ್ ಬಾಸ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿರುವ ಬಾಸ್ ಗಿಟಾರ್ ಆಂಪ್ಲಿಫೈಯರ್), ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್ ಅನ್ನುತ್ತದೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ತೊಂದರೆ ಇದ್ದದ್ದು ಒಳಗಿನ ಕರೆಂಟನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ.

ಪ್ರಿಆಂಪ್‌ನ (ಗಿಟಾರ್ ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗ) 12ಎಎಕ್ಸ್7 ಟ್ಯೂಬ್ ಬದಲಿಸಿ ಅಂತ ಕೆಲವರು ಅಂದಿದ್ದರು, ಬದಲಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಬೇರೆ ರೂಮಿನ ಪ್ಲಗ್ ಪಾಯಿಂಟೂ ಅಷ್ಟೇ. ಕೈಹಿಡಿದದ್ದು, ಆ ಸದ್ದು ಯಾವ ಸ್ವರದಲ್ಲಿದೆ ನೋಡಿ ಎಂದವರ ಸಲಹೆ. ನಮ್ಮ ಕರೆಂಟ್ 50 ಹರ್ಟ್ಸ್. ಅರ್ತಿಂಗ್ ಅಥವಾ ಹೀಟರ್ (ಟ್ಯೂಬನ್ನು ಬಿಸಿ ಮಾಡುವ ತಂತಿ) ವೈರಿಂಗ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ 50 ಕೇಳುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಅದು 100 ಆಗುತ್ತದೆ, ಆ ಏರಿಳಿತವನ್ನು ತಗ್ಗಿಸುವುದೇ ಫಿಲ್ಟರ್ ಕೆಪಾಸಿಟರ್ ಕೆಲಸ. (ಅಮೆರಿಕದಲ್ಲಿರುವವರಿಗೆ 60 ಮತ್ತು 120.) ಬಾಸ್‌ನಲ್ಲಿ ಬೆರಳಿಡದೆ ಮೀಟಿದ ಜಿ ತಂತಿ 98 ಹರ್ಟ್ಸ್, ನನ್ನ ಆಂಪ್ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ, ಅಂದರೆ 100ರಲ್ಲಿ, ಗುಂಯ್‌ಗುಡುತ್ತಿತ್ತು! ಎಷ್ಟು ಸುಲಭದ ಪರೀಕ್ಷೆ ಅಲ್ವಾ?

ರಿಪೇರಿಯವರು ಬಿಚ್ಚಿದಾಗ ಕೆಪಾಸಿಟರ್‌ಗಳು ಉಬ್ಬಿದ್ದವು. ಹಳೆಯವು 40 ಮೈಕ್ರೋಫ್ಯಾರಡ್, ಈಗ ಸುಲಭವಾಗಿ ಸಿಗುವುದು 47, ಅದನ್ನೇ ಹಾಕಿದರು. ವೋಲ್ಟೇಜ್ ರೇಟಿಂಗ್ ಮಾತ್ರ ಹಳೆಯದಕ್ಕಿಂತ ಕಡಿಮೆ ಇರಬಾರದು. ನನಗೆ ಆಶ್ಚರ್ಯ ಆದದ್ದು, ಸದ್ದು ಹೋದದ್ದಲ್ಲದೆ ಇ ತಂತಿಯ ಸ್ವರವೂ ಎಷ್ಟೋ ಗಟ್ಟಿಯಾಗಿದೆ.

ಒಂದು ಮಾತು, ಪ್ಲಗ್ ಕಿತ್ತ ಮೇಲೂ ಒಳಗೆ 400–500 ವೋಲ್ಟ್ ಉಳಿದಿರಬಹುದು, ಜೀವಕ್ಕೇ ಅಪಾಯ. ಅದನ್ನು ಡಿಸ್ಚಾರ್ಜ್ ಮಾಡಲು (ಸುರಕ್ಷಿತವಾಗಿ ಖಾಲಿ ಮಾಡಲು) ಗೊತ್ತಿಲ್ಲದಿದ್ದರೆ ದಯವಿಟ್ಟು ಬಿಚ್ಚಬೇಡಿ. ಸ್ಪೀಕರ್ ಹಾಕದೆ ಆನ್ ಕೂಡ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.